ಬಿಲ್ ವಿದರ್ಸ್ ವಿಆರ್‌ಎಸ್ ತಗೊಂಡಿದ್ದು

ಒಂದು ರೀಲ್ ಇದೆ, ನಿಮ್ಗೂ ಬಂದಿರ್ಬೋದು. ಹಳೇ ಟಿವಿ ಕ್ಲಿಪ್ಪು, ಅಮೆರಿಕದ ಹಾಡುಗಾರ ಬಿಲ್ ವಿದರ್ಸ್ ಗಿಟಾರ್ ಹಿಡ್ಕೊಂಡು ಕಣ್ಣು ಮುಚ್ಚಿ ಹಾಡ್ತಾ ಇರ್ತಾರೆ, ಮೇಲೆ ದಪ್ಪ ಅಕ್ಷರದಲ್ಲಿ 'ಖ್ಯಾತಿಯ ತುತ್ತತುದಿಯಲ್ಲಿ ಎಲ್ಲವನ್ನೂ ಬಿಟ್ಟು ಹೋದ ಗಾಯಕ' ಅನ್ನೋ ಥರ ಏನೋ. ಕೆಳಗಡೆ ಸಾಲುಸಾಲು ಕೈಮುಗಿಯೋ ಇಮೋಜಿ. ಪ್ರತಿ ಸಲ ಇದು ಕಣ್ಣಿಗೆ ಬಿದ್ದಾಗ್ಲೂ ನಂಗೆ ಒಂದು ಥರ ಕಿರಿಕಿರಿ ಆಗುತ್ತೆ, ಯಾಕೆ ಅಂತ ಬಹಳ ದಿನ ಗೊತ್ತಾಗಿರ್ಲಿಲ್ಲ. ಹಾಡು ಚೆನ್ನಾಗಿದೆ, ಮನುಷ್ಯನೂ ಇಷ್ಟ, ಹೊಗಳೋರೇ ಎಲ್ಲಾ, ಮತ್ತೇನು ಪ್ರಾಬ್ಲಮ್ಮು ನಿಂಗೆ ಅಂತ ಫ್ರೆಂಡ್ ಒಬ್ಬ ಕೇಳಿದ. ಪ್ರಾಬ್ಲಮ್ ಏನಂದ್ರೆ ಅದು ನಿಜ ಅಲ್ಲ. ತುತ್ತತುದಿಯೂ ಅಲ್ಲ, ಎಲ್ಲಾ ಬಿಟ್ಟಿದ್ದೂ ಅಲ್ಲ. ಅವರು ಕೊನೇ ಆಲ್ಬಮ್ ಮಾಡಿದ್ದು 1985ರಲ್ಲಿ, ಅಷ್ಟೊತ್ತಿಗೆ ಅವರ ದೊಡ್ಡ ಹಿಟ್ ಬಂದು ನಾಲ್ಕು ವರ್ಷ ಆಗಿತ್ತು, ಆ ಕೊನೇ ಆಲ್ಬಮ್ ಅಂಥಾ ಸದ್ದೇನೂ ಮಾಡ್ಲಿಲ್ಲ. ಆದ್ರೆ ನಾವು ಗೊಮ್ಮಟನ ನಾಡಿನವರು, ಗೆದ್ದ ಮೇಲೆ ಎಲ್ಲಾ ಬಿಟ್ಟು ಹೋದವನ ಕಥೆ ಅಂದ್ರೆ ಸಾಕು ಕಣ್ಣು ಒದ್ದೆ ಆಗುತ್ತೆ, ಅಮೆರಿಕದವರಿಗೂ ಇದೇ ಚಾಳಿ ಇದೆ ಅಂತ ಕಾಣುತ್ತೆ.

ನಂಗೆ ಅನ್ಸೋದು, ಇದು ತ್ಯಾಗ ಅಲ್ಲ, ವಿಆರ್‌ಎಸ್. ಸರ್ವೀಸ್ ಮಾಡಿ, ಮೇಲಿನೋರ ಕಾಟ ತಡ್ಕೊಂಡು, ಲೆಕ್ಕ ಹಾಕಿ, ಮನೇಲಿ ಮಾತಾಡಿ, ಸರಿ ಇಷ್ಟು ಸಾಕು ಅಂತ ಎದ್ದು ಬರೋದು. ಇದ್ರಲ್ಲಿ ಸಣ್ಣತನ ಏನೂ ಇಲ್ಲ, ನಂಗಂತೂ ತ್ಯಾಗಕ್ಕಿಂತ ಇದೇ ಜಾಸ್ತಿ ಇಷ್ಟ. ಇದಕ್ಕೆ ಸಾಕ್ಷಿ ಬೇಕು ಅಂದ್ರೆ ಬೇರೆಲ್ಲೂ ಹುಡುಕೋದು ಬೇಡ, 1981ರಲ್ಲಿ ಕೊಲಂಬಿಯಾ ಕಂಪನಿ ತಂದ ಅವರ 'ಗ್ರೇಟೆಸ್ಟ್ ಹಿಟ್ಸ್' ರೆಕಾರ್ಡ್ ಒಂದೇ ಸಾಕು. ಹತ್ತೇ ಹತ್ತು ಹಾಡು. ನಂಗೆ ಇದು ಸಿಕ್ಕಿದ್ದು ಮೊದಲ್ನೇ ಕೆಲಸದಲ್ಲಿ, ಸೀನಿಯರ್ ಒಬ್ಬರ ಪೆನ್‌ಡ್ರೈವ್‌ನಲ್ಲಿ, ಟ್ರ್ಯಾಕ್ ನಂಬರ್ ಬಿಟ್ರೆ ಯಾವ ವರ್ಷ, ಯಾರು ಬಾರ್ಸಿದ್ದು, ಏನೂ ಇಲ್ಲ. ನೈಟ್ ಶಿಫ್ಟ್ ಕ್ಯಾಬ್‌ನಲ್ಲಿ ಔಟರ್ ರಿಂಗ್ ರೋಡ್ ಪೂರ್ತಿ ಇದೇ ಕೇಳ್ಕೊಂಡು ಬರ್ತಿದ್ದೆ, ಆ ಆರ್ಡರ್ ಹೇಗೆ ತಲೇಲಿ ಕೂತಿದೆ ಅಂದ್ರೆ ಈಗ್ಲೂ ಎಲ್ಲಾದ್ರೂ 'ಯೂಸ್ ಮಿ' ಮುಗಿದ್ರೆ ತನ್ನಷ್ಟಕ್ಕೆ 'ಏಂಟ್ ನೋ ಸನ್‌ಶೈನ್' ಶುರು ಆಗ್ಬೇಕು ಅಂತ ಕಿವಿ ಕಾಯುತ್ತೆ.

ಮೊದಲ್ನೇ ಹಾಡೇ ಇನ್ನೊಬ್ಬರ ಆಲ್ಬಮ್‌ದು

ಈ ರೆಕಾರ್ಡ್ ಶುರು ಆಗೋದು 'ಜಸ್ಟ್ ದ ಟೂ ಆಫ್ ಅಸ್'ನಿಂದ. ಆ ಹಾಡು ಬಿಲ್ ವಿದರ್ಸ್ ಆಲ್ಬಮ್‌ನಲ್ಲಿ ಬಂದಿದ್ದೇ ಅಲ್ಲ. ಸ್ಯಾಕ್ಸೊಫೋನ್ ವಾದಕ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರ 1980ರ 'ವೈನ್‌ಲೈಟ್' ಆಲ್ಬಮ್‌ದು. ಬರೆದಿದ್ದೂ ಇವರೊಬ್ರೇ ಅಲ್ಲ, ರಾಲ್ಫ್ ಮ್ಯಾಕ್‌ಡೊನಾಲ್ಡ್, ವಿಲಿಯಂ ಸಾಲ್ಟರ್ ಜೊತೆ ಸೇರಿ. 1981ರಲ್ಲಿ ಅದು ಅಮೆರಿಕದ ಚಾರ್ಟ್‌ನಲ್ಲಿ ಎರಡನೇ ಸ್ಥಾನದವರೆಗೂ ಹೋಯ್ತು. ಇನ್ನು ಎರಡನೇ ಸೈಡ್ ಶುರು ಆಗೋದು 'ಸೋಲ್ ಶ್ಯಾಡೋಸ್'ನಿಂದ, ಅದೂ ಕ್ರುಸೇಡರ್ಸ್ ಅನ್ನೋ ಬ್ಯಾಂಡ್‌ನ ಆಲ್ಬಮ್‌ನಲ್ಲಿ ಗೆಸ್ಟ್ ಆಗಿ ಹಾಡಿದ್ದು. ಅಂದ್ರೆ ನೋಡಿ, ಒಬ್ಬ ಮನುಷ್ಯನ ಜೀವಮಾನದ ಬೆಸ್ಟ್ ಹಾಡುಗಳು ಅಂತ ಒಂದು ರೆಕಾರ್ಡ್ ತಂದು, ಎರಡೂ ಸೈಡಿನ ಬಾಗಿಲಲ್ಲಿ ಬೇರೆಯವರ ಆಲ್ಬಮ್‌ನಲ್ಲಿ ಹಾಡಿದ ಹಾಡನ್ನ ಕೂರ್ಸಿದಾರೆ. ಇದು ನಂಗೆ ತಿಳಿದಾಗ ಮೊದ್ಲು ಬರೀ ತಮಾಷೆ ಅನ್ಸಿತ್ತು.

ಆಮೇಲೆ ವರ್ಷಗಳನ್ನ ಜೋಡಿಸಿ ನೋಡಿದ್ರೆ ಅದ್ರ ಹಿಂದೆ ಒಂದು ಜಗಳ ಇದೆ. 1978ರ 'ಬೌಟ್ ಲವ್' ಆದ್ಮೇಲೆ ಇವರ ಸ್ವಂತ ಆಲ್ಬಮ್ ಬಂದಿದ್ದು 1985ಕ್ಕೆ. ಮಧ್ಯದ ಏಳು ವರ್ಷ ಏನು ನಿದ್ದೆ ಮಾಡ್ತಿದ್ರಾ? ಇಲ್ಲ, ಹಾಡು ಬರ್ಕೊಂಡು ಹೋದ್ರೆ ಕಂಪನಿಯವರು ಬೇಡ ಅಂತಿದ್ರು. ಎಲ್ವಿಸ್ ಪ್ರೆಸ್ಲಿ ಹಾಡಿದ್ದ 'ಇನ್ ದ ಘೆಟ್ಟೋ'ನ ನೀವು ಇನ್ನೊಂದ್ಸಲ ಹಾಡಿ ಅಂತ ಸಲಹೆ ಕೊಟ್ರಂತೆ. 'ಲೀನ್ ಆನ್ ಮಿ' ಬರೆದ ಮನುಷ್ಯನಿಗೆ! ಯಾವ ಕಲಾವಿದ ಏನು ಹಾಡ್ಬೇಕು ಅಂತ ತೀರ್ಮಾನ ಮಾಡೋ ಎ ಅಂಡ್ ಆರ್ ವಿಭಾಗದವರ ಮೇಲೆ, ಅದ್ರಲ್ಲೂ ಕಪ್ಪು ಜನರ ಸಂಗೀತ ಹೇಗಿರ್ಬೇಕು ಅಂತ ಕಪ್ಪು ಜನರಿಗೇ ಪಾಠ ಹೇಳೋರ ಮೇಲೆ, ಇವರಿಗಿದ್ದ ಸಿಟ್ಟು ಕೊನೇವರೆಗೂ ಆರ್ಲಿಲ್ಲ, ಎಷ್ಟು ವರ್ಷ ಆದ್ಮೇಲಿನ ಇಂಟರ್‌ವ್ಯೂ ನೋಡಿದ್ರೂ ಆ ವಿಷಯ ಬಂದಾಗ ದನಿ ಬದಲಾಗುತ್ತೆ. 1982ರಲ್ಲಿ ಬೇಡ ಅಂತ ತಳ್ಳಿದ್ದ ಹಾಡುಗಳನ್ನೇ 1985ರ ಆಲ್ಬಮ್‌ಗೆ ಒಪ್ಪಿ ಸಿಂಗಲ್ ಆಗಿ ಬಿಟ್ರು ಅಂತನೂ ಅವರು ಹೇಳಿದಾರೆ. ಮನೆ ಬಾಗಿಲು ಹಾಕಿದ್ರು, ಅದಕ್ಕೆ ಪಕ್ಕದ ಮನೇಲಿ ಹಾಡಿದ್ರು, ಪಕ್ಕದ ಮನೇಲಿ ಹಾಡಿದ್ದು ಸೂಪರ್ ಹಿಟ್ ಆದ್ಮೇಲೆ ಮನೆಯವರು ಅದನ್ನೇ ತಂದು ಹಜಾರದಲ್ಲಿ ಫ್ರೇಮ್ ಹಾಕ್ಸಿದ್ರು. ಗ್ರೇಟೆಸ್ಟ್ ಹಿಟ್ಸ್ ಅನ್ನೋದು ಬರೀ ಹಾಡುಗಳ ಆಯ್ಕೆ ಅಲ್ಲ ಅಂತ ನಂಗೆ ಅರ್ಥ ಆಗಿದ್ದು ಈ ರೆಕಾರ್ಡ್‌ನಿಂದ.

(ಬಿಟ್ಟಿದ್ದೇನು ಅಂತನೂ ನೋಡ್ಬೇಕು. 1974ರ 'ಪ್ಲಸ್ ಜಸ್ಟ್‌ಮೆಂಟ್ಸ್', 1976ರ 'ನೇಕೆಡ್ ಅಂಡ್ ವಾರ್ಮ್', 1978ರ 'ಬೌಟ್ ಲವ್', ಈ ಮೂರು ಆಲ್ಬಮ್‌ನಿಂದ ಒಂದೂ ಹಾಡಿಲ್ಲ. ಹತ್ತರಲ್ಲಿ ಐದು ಹಾಡು ಮೊದಲ್ನೇ ಎರಡು ಆಲ್ಬಮ್‌ದು, 1971, 1972. ಅವು ಕೊಲಂಬಿಯಾದಲ್ಲಿ ಮಾಡಿದ್ದೂ ಅಲ್ಲ, ಕ್ಲಾರೆನ್ಸ್ ಅವಾಂಟ್ ನಡೆಸ್ತಿದ್ದ ಸಸೆಕ್ಸ್ ಅನ್ನೋ ಸಣ್ಣ ಕಂಪನಿದು. ಅದು 1975ರಲ್ಲಿ ಮುಳುಗ್ತು.)

ಡಬ್ಬಿ

ಮೊದಲ್ನೇ ಆಲ್ಬಮ್ 'ಜಸ್ಟ್ ಆಸ್ ಐ ಆಮ್' ಬಂದಾಗ ಇವರಿಗೆ 32 ವರ್ಷ. ಪಾಪ್ ಲೋಕದಲ್ಲಿ ಅದು ಶುರು ಮಾಡೋ ವಯಸ್ಸಲ್ಲ, ಅಷ್ಟೊತ್ತಿಗೆ ಸ್ಟೀವಿ ವಂಡರ್ ಥರದವರು ಹುಡುಗರಾಗಿದ್ದಾಗಿಂದ ಹಾಡಿ ಎಷ್ಟೋ ಹಿಟ್ ಕೊಟ್ಟಾಗಿತ್ತು. ಇವರು ಹುಟ್ಟಿದ್ದು 1938ರಲ್ಲಿ ವೆಸ್ಟ್ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಅನ್ನೋ ಕಲ್ಲಿದ್ದಲು ಗಣಿ ಊರಲ್ಲಿ, ಬೆಳೆದಿದ್ದು ಹತ್ತಿರದ ಬೆಕ್ಲಿಯಲ್ಲಿ, ಅಪ್ಪ ಗಣಿ ಕೆಲಸಗಾರ, ಇವರಿಗೆ 13 ಆಗಿದ್ದಾಗ ತೀರ್ಕೊಂಡ್ರು. ಹದಿಹರೆಯದಲ್ಲೇ ನೌಕಾಪಡೆಗೆ ಸೇರಿ ಒಂಬತ್ತು ವರ್ಷ ಅಲ್ಲಿ. ಮಾತಾಡೋಕೆ ತೊದಲು, 28ರ ಹತ್ತಿರ ಬರೋವರೆಗೂ ಅದು ಬಿಡ್ಲಿಲ್ಲ. ಆಮೇಲೆ ಲಾಸ್ ಏಂಜಲೀಸ್ ಕಡೆ ಬಂದು ವೆಬರ್ ಏರ್‌ಕ್ರಾಫ್ಟ್ ಅನ್ನೋ ಫ್ಯಾಕ್ಟರಿಯಲ್ಲಿ ಕೆಲಸ, ಬೋಯಿಂಗ್ 747 ವಿಮಾನಕ್ಕೆ ಟಾಯ್ಲೆಟ್ ಮಾಡೋದು. ಹಾಡಿನ ಕಡೆ ಬಂದಿದ್ದರ ಬಗ್ಗೆ ಅವರೇ ಹೇಳೋ ಕಥೆ ಚೆನ್ನಾಗಿದೆ. ಓಕ್‌ಲ್ಯಾಂಡ್‌ನ ಒಂದು ಕ್ಲಬ್‌ನಲ್ಲಿ ಲೂ ರಾಲ್ಸ್ ಹಾಡೋಕೆ ಬರ್ಬೇಕಿತ್ತು, ಲೇಟು. ಮ್ಯಾನೇಜರ್ ಗೊಣಗ್ತಿದ್ದನಂತೆ, ವಾರಕ್ಕೆ ಎರಡು ಸಾವಿರ ಡಾಲರ್ ಕೊಡ್ತೀನಿ, ಟೈಮಿಗೆ ಬರೋಕಾಗಲ್ಲ ಇವನಿಗೆ ಅಂತ. ಇವರಿಗೆ ಆಗ ಗಂಟೆಗೆ ಮೂರು ಡಾಲರ್ ಸಂಬಳ. ಹೋಗಿ ಗಿರವಿ ಅಂಗಡೀಲಿ ಒಂದು ಗಿಟಾರ್ ತಗೊಂಡ್ರು. ಕಲೆ, ಆತ್ಮದ ಕರೆ ಅನ್ನೋ ಮಾತೇ ಇಲ್ಲ ನೋಡಿ, ನೇರವಾಗಿ ಸಂಬಳದ ಲೆಕ್ಕ.

ಆ ಮೊದಲ್ನೇ ಆಲ್ಬಮ್‌ನ ಮುಖಪುಟ ನೀವು ನೋಡಿರ್ಬೋದು. ಇಟ್ಟಿಗೆ ಗೋಡೆ ಮುಂದೆ ನಿಂತಿದಾರೆ, ಕೈಯಲ್ಲಿ ಊಟದ ಡಬ್ಬಿ. ಫ್ಯಾಕ್ಟರಿಯಲ್ಲೇ ಊಟದ ಬ್ರೇಕ್‌ನಲ್ಲಿ ತೆಗೆದ ಫೋಟೋ ಅದು. ಒಂದ್ಸಲ ನಮ್ಮ ಸೋದರಮಾವ ಮನೆಗೆ ಬಂದಿದ್ರು, ಪೀಣ್ಯದಲ್ಲಿ ಲೇಥ್ ಮೇಲೆ ಸರ್ವೀಸ್ ಪೂರ್ತಿ ಕಳೆದವರು, ನಾನು ಟಿವಿಗೆ ಫೋನ್ ಕನೆಕ್ಟ್ ಮಾಡಿ ಹಾಡು ಹಾಕಿದ್ದೆ, ಸ್ಕ್ರೀನ್ ತುಂಬಾ ಈ ಫೋಟೋ. ಇಂಗ್ಲಿಷ್ ಹಾಡು ಅಂದ್ರೆ ಅವರಿಗೆ ಅಷ್ಟಕ್ಕಷ್ಟೇ. ಸುಮಾರು ಹೊತ್ತು ನೋಡಿ, "ಯಾವ ಕಂಪ್ನಿನೋ ಇವ್ರದ್ದು?" ಅಂದ್ರು. ರೆಕಾರ್ಡ್ ಕಂಪನಿ ಕೇಳ್ತಿದಾರೆ ಅಂದ್ಕೊಂಡು ಹೇಳೋಕೆ ಹೋದೆ. "ಅದಲ್ವೋ, ಎಲ್ಲಿ ಕೆಲ್ಸ? ಡ್ಯೂಟಿ ಮೇಲಿರೋ ಮನುಷ್ಯ ಅಲ್ವಾ ಇವ್ರು?" ಹೌದು ಮಾವ, ವಿಮಾನದ ಫ್ಯಾಕ್ಟರಿ ಅಂದೆ, ಟಾಯ್ಲೆಟ್ ಅಂದಿದ್ದಕ್ಕೆ ಜೋರಾಗಿ ನಕ್ರು, ಆಮೇಲೆ ಸೀರಿಯಸ್ಸಾಗಿ ಅದ್ರ ಫಿಟಿಂಗ್ ಬಹಳ ಟೈಟ್ ಇರ್ಬೇಕು, ಮೇಲೆ ಪ್ರೆಶರ್ ಬೇರೆ ಥರ ಇರುತ್ತೆ, ಸುಮ್ನೆ ಅಲ್ಲ ಆ ಕೆಲ್ಸ ಅಂತ ವಿವರ್ಸೋಕೆ ಶುರು ಮಾಡಿದ್ರು. "ಹಾಡು ಹಿಟ್ ಆದ್ಮೇಲೂ ಕೆಲ್ಸ ಬಿಟ್ಟಿರ್ಲಿಲ್ವಂತೆ" ಅಂದೆ. "ಯಾಕ್ ಬಿಡ್ತಾರೆ?" ಅಂದ್ರು ಮಾವ, ನಂಗೆ ಬುದ್ಧಿ ಇಲ್ವೇನೋ ಅನ್ನೋ ಥರ ನೋಡಿ.

ನಿಜಕ್ಕೂ ಬಿಟ್ಟಿರ್ಲಿಲ್ಲ. ಸಂಗೀತದ ವ್ಯಾಪಾರ ನಂಬೋಕಾಗಲ್ಲ ಅಂತ ಕೆಲಸ ಇಟ್ಕೊಂಡೇ ರೆಕಾರ್ಡಿಂಗ್ ಮಾಡಿದ್ರು. ಮಧ್ಯೆ ಲೇಆಫ್ ಆಗಿ, ಆಮೇಲೆ ಒಂದೇ ದಿನ ಎರಡು ಕಾಗದ ಬಂತು, ಒಂದು ವಾಪಸ್ ಕೆಲಸಕ್ಕೆ ಬಾ ಅಂತ, ಇನ್ನೊಂದು ಜಾನಿ ಕಾರ್ಸನ್‌ನ ಟಿವಿ ಶೋಗೆ ಬಾ ಅಂತ, ಹೀಗೆ ಅವರೇ ಹೇಳ್ತಿದ್ರು. ಸ್ಟುಡಿಯೋಗೆ ಮೊದಲ್ನೇ ದಿನ ಬಂದಾಗ ಪ್ರೊಡ್ಯೂಸರ್ ಬುಕರ್ ಟಿ. ಜೋನ್ಸ್ ಅವರನ್ನ ಕೇಳಿದ್ರಂತೆ, ಈ ಹಾಡುಗಳನ್ನ ಹಾಡೋರು ಯಾರು ಅಂತ. ತಾನೇ ಹಾಡ್ಬೇಕು ಅನ್ನೋದೇ ತಲೇಲಿ ಇರ್ಲಿಲ್ಲ! ಸುತ್ತ ಕೂತಿದ್ದೋರು ಸಾಮಾನ್ಯರಲ್ಲ, ಡ್ರಮ್ಸ್‌ಗೆ ಅಲ್ ಜಾಕ್ಸನ್ ಜೂನಿಯರ್, ಬೇಸ್‌ಗೆ ಡಕ್ ಡನ್, ಗಿಟಾರ್‌ಗೆ ಸ್ಟೀಫನ್ ಸ್ಟಿಲ್ಸ್. 'ಏಂಟ್ ನೋ ಸನ್‌ಶೈನ್'ನಲ್ಲಿ ಮೂರನೇ ಚರಣಕ್ಕೆ ಸಾಹಿತ್ಯ ಇನ್ನೂ ಬರೆದಿರ್ಲಿಲ್ಲ, ಅದಕ್ಕೆ ಒಂದೇ ಪದಗುಚ್ಛನ 26 ಸಲ ಹೇಳಿ ಜಾಗ ತುಂಬಿಸಿದ್ರು, ಆಮೇಲೆ ಬರೀತೀನಿ ಅಂತ. ಬೇಡ, ಹಾಗೇ ಬಿಡಿ ಅಂದ್ರು ಎಲ್ರೂ. ತಿಳಿದೋರು ಹೇಳ್ತಿದಾರೆ, ನಾನು ಫ್ಯಾಕ್ಟರಿ ಕೆಲಸದವನು, ನಂಗೇನು ಗೊತ್ತು ಅಂತ ಇವರೂ ಬಿಟ್ರು. ಎರಡು ನಿಮಿಷ ಚಿಲ್ಲರೆ ಹಾಡು, 'ಹಾರ್ಲೆಮ್' ಅನ್ನೋ ಹಾಡಿನ ಹಿಂದಿನ ಸೈಡಿಗೆ ಹಾಕಿದ್ದು, ಡಿಜೆಗಳು ತಿರುಗಿಸಿ ಹಾಕಿ ಹಾಕಿ ಚಾರ್ಟ್‌ನಲ್ಲಿ ಮೂರನೇ ಸ್ಥಾನಕ್ಕೆ ತಂದ್ರು, ಗ್ರ್ಯಾಮಿನೂ ಬಂತು.

ಮುಂದಿನ ವರ್ಷ 'ಲೀನ್ ಆನ್ ಮಿ', ನಂಬರ್ ಒನ್. ಇದು ಹೊಸದಾಗಿ ತಗೊಂಡಿದ್ದ ವುರ್ಲಿಟ್ಸರ್ ಎಲೆಕ್ಟ್ರಿಕ್ ಪಿಯಾನೋ ಮೇಲೆ ಬೆರಳು ಒಂದರ ಪಕ್ಕ ಒಂದು ಹತ್ತಿಸಿ ಇಳಿಸಿ ಸಿಕ್ಕ ಟ್ಯೂನು. ಮನೇಲಿ ಹಾರ್ಮೋನಿಯಂ ಇದ್ರೆ ನೋಡಿ, ಸ ರಿ ಗ ಮ, ಮ ಗ ರಿ ಸ, ಅಷ್ಟೇ, ಸಂಗೀತ ಕ್ಲಾಸಿಗೆ ಸೇರಿದ ಮೊದಲ್ನೇ ವಾರದಲ್ಲೇ ನುಡಿಸ್ಬೋದು. ಕಷ್ಟಪಟ್ಟು ಸರಳ ಮಾಡಿದ್ದಲ್ಲ ಇದು, ಅಷ್ಟೇ ಬರ್ತಿತ್ತು, ಅದ್ರಲ್ಲೇ ಮಾಡಿದ್ರು. ನಂಗೆ ಈ ಮನುಷ್ಯನ ಹಾಡುಗಳಲ್ಲಿ ಬಹಳ ಹಿಡಿಸೋದು ಇದೇ, ಅವರಿಗೆ ಹಾಡು ಬರೋ ಹೊತ್ತಿಗೆ ಬದುಕು ಬಂದಾಗಿತ್ತು. ಪ್ರೀತಿ ಹೋಯ್ತು ಅಂತ ಅಳೋ ಹಾಡಲ್ಲೂ ಒಳ್ಳೇದಲ್ಲ ಅಂತ ಗೊತ್ತಿದ್ದೂ ಅದನ್ನೇ ಬಯಸೋ ಮನುಷ್ಯ ಇದಾನೆ, 'ಯೂಸ್ ಮಿ'ಯಲ್ಲಿ ಅದು ಇನ್ನೂ ನಾಚಿಕೆ ಬಿಟ್ಟು ಬಂದಿದೆ, 'ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್'ನಲ್ಲಿ ಅಜ್ಜಿ ಬರೀ ಕೈ ಮಾತ್ರ. 22 ವರ್ಷದವರು ಬರೆಯೋ ಹಾಡುಗಳಲ್ಲ ಇವು.

ಮಾತು ಕತ್ತರಿಸಿದ್ದು

ಗ್ರೇಟೆಸ್ಟ್ ಹಿಟ್ಸ್‌ನಲ್ಲಿ ಸಿಗದೇ ಇರೋದು ಒಂದಿದೆ, ಅವರ ಮಾತು. 1972ರ ಅಕ್ಟೋಬರ್ 6ಕ್ಕೆ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಹಾಡಿದ್ದರ ಲೈವ್ ರೆಕಾರ್ಡ್ ಇದೆ, 1973ರಲ್ಲಿ ಬಂತು. ನಾನು ಮೊದಲ್ನೇ ಸಲ ಪೂರ್ತಿ ಕೇಳಿದ್ದು ಒಂದು ಭಾನುವಾರ ಪಾತ್ರೆ ತೊಳೀತಾ, ನೀರು ಬಿಟ್ಟಿದ್ದ ನಲ್ಲಿ ನಿಲ್ಸಿದ್ದು ನೆನಪಿದೆ, ಹಾಡಿಗಲ್ಲ, ಹಾಡಿನ ಮುಂಚಿನ ಮಾತಿಗೆ. 'ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್' ಹಾಡೋ ಮುಂಚೆ ಅಜ್ಜಿ ಬಗ್ಗೆ, ಅವರ ಚರ್ಚ್ ಬಗ್ಗೆ ಹೇಳ್ತಾ ಹೋಗ್ತಾರೆ, ಜನ ನಗ್ತಾರೆ, ಅವರು ನಿಲ್ಸಿ ಕಾಯ್ತಾರೆ, ಮತ್ತೆ ಹೇಳ್ತಾರೆ, ಅವಸರನೇ ಇಲ್ಲ. ಆರೇಳು ವರ್ಷದ ಹಿಂದೆವರೆಗೂ ತೊದಲ್ತಿದ್ದ ಮನುಷ್ಯ ಇವರು ಅನ್ನೋದು ತಲೇಲಿಟ್ಕೊಂಡು ಕೇಳಿ. ಹಿಂದೆ ಬಾರ್ಸೋರು ಜೇಮ್ಸ್ ಗ್ಯಾಡ್ಸನ್, ಮೆಲ್ವಿನ್ ಡನ್‌ಲ್ಯಾಪ್, ರೇ ಜಾಕ್ಸನ್, ಬೆನೋರ್ಸ್ ಬ್ಲ್ಯಾಕ್‌ಮನ್ ಇವರೆಲ್ಲಾ, ಕಾಯೋದು ಅಂದ್ರೆ ಏನು ಅಂತ ಗೊತ್ತಿದ್ದ ಜನ.

ಅದೇ ಕಚೇರಿಯಲ್ಲಿ 'ಐ ಕಾಂಟ್ ರೈಟ್ ಲೆಫ್ಟ್ ಹ್ಯಾಂಡೆಡ್' ಅಂತ ಒಂದು ಹಾಡಿದೆ. ವಿಯೆಟ್ನಾಂ ಯುದ್ಧದಲ್ಲಿ ಭುಜಕ್ಕೆ ಗುಂಡು ಬಿದ್ದು ಬಲಗೈ ಹೋದ ಹುಡುಗ, ಅಮ್ಮನಿಗೆ ಕಾಗದ ಬರೆದುಕೊಡಿ ಅಂತ ಇನ್ನೊಬ್ಬರನ್ನ ಕೇಳ್ಕೊಳ್ಳೋದು. ಹಾಡಿಗೆ ಮುಂಚೆ ಅಂಥಾ ಒಬ್ಬ ಹುಡುಗನ ಬಗ್ಗೆ ಹೇಳ್ತಾರೆ, ಭಾಷಣ ಇಲ್ಲ, ಸರ್ಕಾರಕ್ಕೆ ಧಿಕ್ಕಾರ ಇಲ್ಲ, ಆ ಹುಡುಗನ ಕಷ್ಟ ಏನು ಅಷ್ಟೇ. ಸ್ವತಃ ಒಂಬತ್ತು ವರ್ಷ ಯೂನಿಫಾರ್ಮ್ ಹಾಕಿದ್ದೋರು. ಯುದ್ಧ ಆಗ ಇನ್ನೂ ನಡೀತಿತ್ತು. ಇದು ಹಿಟ್ ಅಲ್ಲ, ಸ್ಟುಡಿಯೋದಲ್ಲಿ ಮಾಡಿ ಸಿಂಗಲ್ ಬಿಟ್ಟಿದ್ದೂ ಅಲ್ಲ, ಹಾಗಾಗಿ ಗ್ರೇಟೆಸ್ಟ್ ಹಿಟ್ಸ್‌ನಲ್ಲಿ ಜಾಗ ಇಲ್ಲ, ನಿಯಮದ ಪ್ರಕಾರ ಸರಿನೇ. ಆದ್ರೆ ಬರೀ ಆ ಹತ್ತು ಹಾಡು ಕೇಳಿದೋರಿಗೆ ಇವರು ನಯವಾದ ಪ್ರೇಮದ ಹಾಡುಗಾರ ಅನ್ಸಿಬಿಡುತ್ತೆ, ಮದುವೆ ರಿಸೆಪ್ಷನ್‌ಗೆ ಹಾಕೋ ಥರದ್ದು. ನಂಗೂ ಕೆಲವು ವರ್ಷ ಹಾಗೇ ಇತ್ತು ಚಿತ್ರ.

ಪೆನ್ಷನ್

ಈಗ ಲೆಕ್ಕದ ವಿಷಯಕ್ಕೆ ಬರೋಣ, ರೀಲ್ ಮಾಡೋರು ಇದನ್ನ ಯಾವತ್ತೂ ಹೇಳಲ್ಲ. ಅಮೆರಿಕದಲ್ಲಿ ರೇಡಿಯೋ ಸ್ಟೇಷನ್ನಿನಲ್ಲಿ ಹಾಡು ಬಂದ್ರೆ ಹಾಡಿದವರಿಗೆ ದುಡ್ಡಿಲ್ಲ, ಹಾಡು ಬರೆದವರಿಗೆ, ಪಬ್ಲಿಷಿಂಗ್ ಹಕ್ಕು ಇದ್ದವರಿಗೆ ಮಾತ್ರ. ಬೇರೆಯವರು ಅದೇ ಹಾಡನ್ನ ಹೊಸದಾಗಿ ಹಾಡಿದ್ರೂ ಬರೆದವರಿಗೇ. ವಿದರ್ಸ್ ಬರೆದೂ ಹಾಡ್ತಿದ್ದವರು. ಮೈಕಲ್ ಜಾಕ್ಸನ್ ಹುಡುಗ ಆಗಿದ್ದಾಗ್ಲೇ 1972ರಲ್ಲಿ 'ಏಂಟ್ ನೋ ಸನ್‌ಶೈನ್' ಹಾಡಿದ್ರು. 1987ರಲ್ಲಿ, ಅಂದ್ರೆ ಇವರು ಮನೆಗೆ ಹೋದ ಎರಡು ವರ್ಷಕ್ಕೆ, ಕ್ಲಬ್ ನೂವೊ ಅನ್ನೋ ಗುಂಪು 'ಲೀನ್ ಆನ್ ಮಿ'ನ ಡ್ಯಾನ್ಸ್ ಹಾಡು ಮಾಡಿ ಮತ್ತೆ ನಂಬರ್ ಒನ್‌ಗೆ ತಂತು, ಹಾಡು ಬರೆದವರು ಅಂತ ಗ್ರ್ಯಾಮಿ ಬಂದಿದ್ದು ಇವರಿಗೆ, ಮನೇಲಿ ಕೂತವರಿಗೆ! 1996ರಲ್ಲಿ ಬ್ಲ್ಯಾಕ್‌ಸ್ಟ್ರೀಟ್‌ನವರು 'ನೋ ಡಿಗಿಟಿ'ಗೆ ಅಜ್ಜಿ ಹಾಡಿನ ತುಣುಕು ತಗೊಂಡ್ರು, 1998ರಲ್ಲಿ ವಿಲ್ ಸ್ಮಿತ್ 'ಜಸ್ಟ್ ದ ಟೂ ಆಫ್ ಅಸ್' ತಗೊಂಡ್ರು. ಈ ಪಬ್ಲಿಷಿಂಗ್ ವ್ಯವಹಾರ ಎಲ್ಲಾ ನೋಡ್ಕೋತಿದ್ದಿದ್ದು ಹೆಂಡತಿ ಮಾರ್ಷಿಯಾ. ಇದನ್ನ ಎಲ್ಲಾ ಬಿಟ್ಟು ಹೋಗೋದು ಅಂತಾರಾ?

ನಮ್ಮ ಕಡೆಗೆ ಹೋಲಿಸಿದ್ರೆ ಹೊಟ್ಟೆ ಉರಿಯುತ್ತೆ, ಸಿನಿಮಾಕ್ಕೆ ಹಾಡು ಬರೆದವರಿಗೆ ಒಂದ್ಸಲ ಇಷ್ಟು ಅಂತ ಕೊಟ್ರೆ ಮುಗೀತು ಅನ್ನೋದೇ ಬಹಳ ಕಾಲ ರೂಢಿ ಆಗಿತ್ತು, ಗೀತರಚನೆಕಾರರು, ಸಂಗೀತ ನಿರ್ದೇಶಕರು ರಾಯಲ್ಟಿ ಹಕ್ಕು ಬರೆದುಕೊಡೋ ಹಾಗಿಲ್ಲ ಅಂತ ಕಾನೂನಲ್ಲಿ ಬಂದಿದ್ದೇ 2012ರ ಕಾಪಿರೈಟ್ ತಿದ್ದುಪಡಿಯಲ್ಲಿ. ಅಷ್ಟೊತ್ತಿಗೆ ಎಷ್ಟು ಜನ ಕವಿಗಳು ಹೋಗೇಬಿಟ್ಟಿದ್ರು.

ಹಾಗಂತ ಬರೀ ದುಡ್ಡಿದ್ದಕ್ಕೆ ಬಿಟ್ರು ಅಂತಲ್ಲ. ದುಡ್ಡಿದ್ರೂ ಎಷ್ಟು ಜನ ಬಿಡೋಕಾಗದೆ ಎಪ್ಪತ್ತರಲ್ಲೂ ಅದೇ ಹಾಡು ಹಾಡ್ಕೊಂಡು ಊರೂರು ತಿರುಗ್ತಾರೆ, ಅದು ತಪ್ಪೂ ಅಲ್ಲ. ಇವರಿಗೆ ಬಿಡೋಕಾಗಿದ್ದು ಹಾಡೋದಕ್ಕಿಂತ ಮುಂಚೆ ತಾನು ಯಾರಾಗಿದ್ದೆ ಅಂತ ನೆನಪಿತ್ತು ಅನ್ನೋದಕ್ಕೆ. ಹದಿನೆಂಟಕ್ಕೇ ಸ್ಟಾರ್ ಆದವರಿಗೆ ವಾಪಸ್ ಹೋಗೋಕೆ ಜಾಗ ಇರಲ್ಲ. ಕಾರ್ಖಾನೇಲಿ ಸೂಪರ್‌ವೈಸರ್ ಸರಿ ಇಲ್ಲ ಅಂದ್ರೆ ಬೇರೆ ಕಡೆ ಹೋಗ್ತಾರೆ, ಅಥವಾ ಲೆಕ್ಕ ಸೆಟ್ಲ್ ಮಾಡ್ಕೊಂಡು ಮನೆಗೆ ಬರ್ತಾರೆ, ಅದನ್ನೇ ಇವರು ರೆಕಾರ್ಡ್ ಕಂಪನಿಗೆ ಮಾಡಿದ್ರು. 2009ರಲ್ಲಿ 'ಸ್ಟಿಲ್ ಬಿಲ್' ಅಂತ ಇವರ ಬಗ್ಗೆ ಡಾಕ್ಯುಮೆಂಟರಿ ಬಂತು, ನೋಡಿದ್ರೆ ಗೊತ್ತಾಗುತ್ತೆ, ಹಳಹಳಿಕೆ ಇಲ್ಲ ಅಂತೇನಿಲ್ಲ, ಒಂದೆರಡು ಕಡೆ ಕಣ್ಣೀರೂ ಬರುತ್ತೆ, ಆದ್ರೆ ಋಷಿ ಮುಖ ಅಲ್ಲ ಅದು. ತಮಾಷೆ ಮಾಡ್ಕೊಂಡು, ಸ್ವಲ್ಪ ಕೊಂಕು ಮಾತಾಡ್ಕೊಂಡು ಇರೋ ರಿಟೈರ್ಡ್ ಮನುಷ್ಯ. 2015ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸ್ದಾಗ ಸ್ಟೀವಿ ವಂಡರ್ ಅವರೇ ಪರಿಚಯ ಮಾಡಿ ಹಾಡೂ ಹಾಡಿದ್ರು, ಇವರು ಬಂದು ಜನರನ್ನ ನಗಿಸಿ ಹೋದ್ರು. 2020ರ ಮಾರ್ಚ್ 30ಕ್ಕೆ ತೀರ್ಕೊಂಡ್ರು, 81 ವರ್ಷ, ಹೃದಯದ ತೊಂದರೆ.

ಪೆನ್‌ಡ್ರೈವ್ ಕೊಟ್ಟ ಸೀನಿಯರ್ ಜೊತೆ ಇನ್ನೂ ಟಚ್‌ನಲ್ಲಿದೀನಿ. ಆ ಹತ್ತರಲ್ಲಿ ಒಂದು ತೆಗೆದು ಒಂದು ಹಾಕ್ಬೋದು ಅಂದ್ರೆ 'ಸೋಲ್ ಶ್ಯಾಡೋಸ್' ತೆಗೆದು 'ಲೆಫ್ಟ್ ಹ್ಯಾಂಡೆಡ್' ಹಾಕ್ತೀನಿ ಅಂತ ನನ್ನ ವಾದ. 'ಲವ್ಲಿ ಡೇ' ಮುಟ್ಟೋ ಹಾಗಿಲ್ಲ, ಆ ಕೊನೇಲಿ 18 ಸೆಕೆಂಡ್ ಒಂದೇ ಉಸಿರಲ್ಲಿ ಹಿಡಿಯೋ ಸ್ವರ ಒಂದಕ್ಕೇ ಅದು ಇರ್ಲಿ. ಸೀನಿಯರ್ ಒಪ್ಪಲ್ಲ. 'ಸೋಲ್ ಶ್ಯಾಡೋಸ್' ತೆಗೆದ್ರೆ ಕಂಪನಿ ಅವರನ್ನ ಹಾಡೋಕೆ ಬಿಡ್ದೇ ಇದ್ದ ವರ್ಷಗಳ ಗುರುತೇ ಹೋಗುತ್ತಲ್ಲೋ ಅಂತಾರೆ. ಅದೂ ಸರಿನೇ, ಆದ್ರೂ ಆ ಹಾಡು ನಂಗೆ ಹಿಡಿಸಲ್ಲ, ಬಂದಾಗೆಲ್ಲಾ ಸ್ಕಿಪ್ ಮಾಡ್ತೀನಿ.